ಮೊದಲನೇ ರೊಟ್ಟಿ ಯಾರ ತಾಟಿಗೆ

ಫೈನಲ್ ಕುಸ್ತಿಯ ದಿವಸ ಯಲ್ಲವ್ವನ ಹಂಚಿನಿಂದ ಇಳಿದ ಮೊದಲನೇ ರೊಟ್ಟಿ ಯಾರ ತಾಟಿಗೆ ಬೀಳುತ್ತದೋ ಅವರೇ ಗೆಲ್ಲೋದು ಅನ್ನೋ ಮಾತು ದಾಂಡೇಲಿಯಿಂದ ಹಳಿಯಾಳದ ತನಕ ಹಬ್ಬಿತ್ತು. ಹಬ್ಬಿಸಿದವಳು ಯಲ್ಲವ್ವ ಅಲ್ಲ, ಆಕೆಯ ಗಂಡ ಗೂಳಪ್ಪ. ಅವನ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

ಗೂಳಪ್ಪ ಧಾರವಾಡದ ಕಡೆಯವನು. ಕಾಗದದ ಮಿಲ್ಲಿನಲ್ಲಿ ಬಿದಿರಿನ ಲಾರಿ ಇಳಿಸುವ ಕೆಲಸಕ್ಕೆ ಸೇರಿ ದಾಂಡೇಲಿಯವನೇ ಆಗಿಹೋದ. ಯಲ್ಲವ್ವ ಮನೆಯ ಹಿಂದೆ ತಗಡಿನ ಚಪ್ಪರ ಹಾಕಿಸಿ, ಎರಡು ಒಲೆ ಹೂಡಿ ಖಾನಾವಳಿ ನಡೆಸಿದಳು. ಮಿಲ್ಲಿನ ಹುಡುಗರು, ಲಾರಿಯವರು, ಜೊಯಿಡಾದ ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಕುಸ್ತಿ ಪಂದ್ಯಾವಳಿ ಬಂದಾಗ ಬೆಳಗಾವಿ, ಧಾರವಾಡ, ಮುಂಡಗೋಡದ ಪೈಲವಾನರೂ ಆ ಚಪ್ಪರಕ್ಕೇ ಬರುತ್ತಿದ್ದರು.

ಪಂದ್ಯಗಳೆಲ್ಲ ನಾಕೌಟ್, ಅಂದರೆ ಒಮ್ಮೆ ಸೋತವನು ಗಂಟು ಕಟ್ಟಿಕೊಂಡು ಊರಿಗೆ. ಹಂಗಾಗಿ ಬೆಳಿಗ್ಗೆ ಉಂಡ ಪಂಕ್ತಿ ಸಂಜೆಗೆ ಅರ್ಧ ಆಗುತ್ತಿತ್ತು, ಮರುದಿವಸ ಅದರ ಅರ್ಧ. ಸಂಜೆಗೆ ಯಾರ ಜಾಗ ಖಾಲಿ ಆಗುತ್ತದೆ ಅಂತ ಯಲ್ಲವ್ವಗೆ ಬೆಳಿಗ್ಗೆ ಬಡಿಸುವಾಗಲೇ ತಿಳಿಯತೊಡಗಿತು. ಆಕೆಗೆ ಡಾವು ಗೊತ್ತಿಲ್ಲ, ಪಟ್ಟು ಗೊತ್ತಿಲ್ಲ, ಕಣದ ಹತ್ತಿರ ಹೋದವಳೂ ಅಲ್ಲ. ಉಣ್ಣೋದನ್ನು ನೋಡುತ್ತಿದ್ದಳು, ಅಷ್ಟೇ. ಒಳಗೆ ಅಂಜಿಕೆ ಹೊಕ್ಕವನು ರೊಟ್ಟಿಯನ್ನು ಸಣ್ಣ ಸಣ್ಣ ತುಣುಕು ಮಾಡುತ್ತಾನೆ. ತುತ್ತಿಗೊಮ್ಮೆ ನೀರು ಕುಡಿಯುತ್ತಾನೆ. ತಾಟಿನ ಅಂಚಿಗೆ ಪಲ್ಯ ಸರಿಸಿ ಅದರ ಕೆಳಗೆ ರೊಟ್ಟಿ ಮುಚ್ಚಿಡುತ್ತಾನೆ, ಹುಡುಗರು ಸಾಲಿಯಲ್ಲಿ ಮಾಡಿದಂಗೆ. ಧೈರ್ಯ ಇದ್ದವನು ತಲೆ ಎತ್ತದೆ "ಇನ್ನೊಂದೀಟು ಶೇಂಗಾ ಹಿಂಡಿ ಹಾಕ್ರಿ" ಅಂತಾನೆ. ಪಕ್ಕದವನ ತಾಟಿನ ಉಳ್ಳಾಗಡ್ಡಿಗೂ ಕೈ ಹಾಕುತ್ತಾನೆ.

ಒಮ್ಮೆ ಕೈ ತೊಳೆಯುತ್ತ ಗಂಡನ ಮುಂದೆ, "ಆ ಬೆಳಗಾಂವಿ ದಾಂಡಿಗ ಇದ್ದಾನಲ್ಲ, ಅಂವ ಇವತ್ತ ಸೋಲ್ತಾನ ನೋಡು" ಅಂದಳು.

"ಏ, ಅಂವಾ? ಅಂವನ್ನ ಕೆಡವಾಕ ಲಾರಿ ಹಾಯಿಸಬೇಕು."

"ಒಂದು ರೊಟ್ಟಿ ಮುರ್ಯಾಕ ಒಂದು ತಂಬಿಗಿ ನೀರು ಕುಡದಾನ."

ದಾಂಡಿಗ ಸೋತ. ಗೂಳಪ್ಪ ಮರುದಿವಸ ಮಿಲ್ಲಿನ ಗೇಟಿನಲ್ಲಿ ನಿಂತು ಹೇಳಿದ. ಮುಂದಿನ ಸಲ ಮತ್ತೊಬ್ಬನ ಬಗ್ಗೆ ಆಕೆ ಅಂದದ್ದೂ ಖರೇ ಆಯಿತು. ಆಮೇಲೆ ಪಂದ್ಯಾವಳಿ ಬಂತೆಂದರೆ ಜನ ಚಪ್ಪರದ ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಯಲ್ಲವ್ವಕ್ಕಾ, ಈ ಸಲ ಯಾರು?" ಹೆಸರು ಹೇಳೋದು ಆಕೆಗೆ ಒಗ್ಗಲಿಲ್ಲ. ಸೋಲ್ತಾನೆ ಅಂತ ಹೇಳಿ ಅವನಿಗೇ ಬಡಿಸುವುದು ಹೇಗೆ? ಅದಕ್ಕೆ ಫೈನಲ್ ದಿವಸ ಇಬ್ಬರೂ ಕುಳಿತಾಗ ಹಂಚಿನಿಂದ ಇಳಿದ ಮೊದಲನೇ ರೊಟ್ಟಿಯನ್ನು ಗೆಲ್ಲುವವನ ತಾಟಿಗೆ ಹಾಕಿ ಸುಮ್ಮನಾಗುತ್ತಿದ್ದಳು. ನೋಡಿದವರು ನೋಡಲಿ, ಬಿಟ್ಟವರು ಬಿಡಲಿ ಅಂತ. ಎಲ್ಲರೂ ನೋಡಿದರು. ಬರಬರುತ್ತ ಪೈಲವಾನರೇ ಆ ರೊಟ್ಟಿಗೆ ಕಾಯತೊಡಗಿದರು.

ತಪ್ಪಿದ್ದೂ ಇತ್ತು. ತಪ್ಪಿದಾಗ ಗೂಳಪ್ಪನ ಹತ್ತಿರ ಒಂದಲ್ಲ ಒಂದು ಕಾರಣ ತಯಾರಿರುತ್ತಿತ್ತು. "ಆ ರೊಟ್ಟಿ ಹಂಚಿನ ಮ್ಯಾಲ ಹರದಿತ್ತು, ಅದು ಲೆಕ್ಕಕ್ಕಿಲ್ಲ" ಅನ್ನುವನು. ಜನ ನಗುತ್ತಿದ್ದರು, ನಕ್ಕು ಅದನ್ನು ಮರೆಯುತ್ತಿದ್ದರು. ಖರೇ ಆದದ್ದನ್ನು ಮಾತ್ರ ನೆನಪಿಡುತ್ತಿದ್ದರು.

ಯಲ್ಲವ್ವನ ಒಬ್ಬಳೇ ಮಗಳು ನಿರ್ಮಲಾ ಜ್ವರದಲ್ಲಿ ತೀರಿಕೊಂಡಾಗ ಮೊಮ್ಮಗಳು ಶೈಲಶ್ರೀ ಇನ್ನೂ ಸಣ್ಣವಳು. ಅಳಿಯ ಮಹಾಬಳೇಶ್ವರ ಅಣಶಿಯ ಕಡೆ ಜೀಪು ಓಡಿಸುತ್ತಿದ್ದ, ಬೇರೆ ಮದುವೆಯಾದ. ಹುಡುಗಿ ಅಜ್ಜಿಯನ್ನೇ ಆಯಿ ಅನ್ನುತ್ತ ಆಕೆಯ ಹತ್ತಿರವೇ ಬೆಳೆದಳು. ಪೈಲವಾನರು ಉಂಡು ಹೋದ ಮೇಲೆ ಅವರಂತೆ ತೊಡೆ ತಟ್ಟಿ ನಗಿಸುತ್ತಿದ್ದ ಹುಡುಗಿ ಕಡೆಗೆ ಖರೇನೇ ತಾಲೀಮಿಗೆ ಹೋದಳು. ಅಲ್ಲಿ ಕುಸ್ತಿ ಕಲಿಸುವ ವಸ್ತಾದ ಅಡಿವೆಯ್ಯ, "ಅಕ್ಕಾ, ನಿಮ್ಮ ಕೂಸಿನ ಹೆಗಲು ಚೊಲೋ ಐತಿ" ಅಂದ. ಸಾಲಿ ಮಾತ್ರ ತಲೆಗೆ ಹತ್ತಲಿಲ್ಲ. ಹತ್ತನೇ ಇಯತ್ತೆಯಲ್ಲಿ ಫೇಲಾದಳು, ಮತ್ತೆ ಕಟ್ಟಿದಳು, ಮತ್ತೆ ಫೇಲಾದಳು.

ಉಳಿದದ್ದು ಕುಸ್ತಿಯ ವಸತಿನಿಲಯ ಒಂದೇ. ಅಲ್ಲಿ ಸೇರಿದರೆ ಊಟ, ಬಟ್ಟೆ, ಕಲಿಕೆ ಎಲ್ಲಾ ಅವರದೇ. ಆದರೆ ಹಳಿಯಾಳದ ಪಂದ್ಯಾವಳಿಯಲ್ಲಿ ಆಕೆಯ ತೂಕದ ಹುಡುಗಿಯರಿಗೆ ಒಂದೇ ಜಾಗ, ಗೆದ್ದವಳಿಗೆ. ಶೈಲಶ್ರೀ ಎರಡು ಸಲ ಹೋಗಿ ಎರಡೂ ಸಲ ನಡುವೆ ಸೋತು ಬಂದಿದ್ದಳು. ಈ ಸಲ ಕಡೆಯದು. ಬರುವ ವರ್ಷ ವಯಸ್ಸು ಮೀರುತ್ತಿತ್ತು.

ಪಂದ್ಯಾವಳಿ ಹತ್ತಿರ ಬಂದಾಗ ಮಹಾಬಳೇಶ್ವರ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಬರಲಿಲ್ಲ.

"ಅತ್ತೀ, ಈ ಸಲ ಆತೋ ಚೊಲೋ. ಆಗ್ಲಿಲ್ಲೋ, ಗೋವಾಕ್ಕ ಕಳಸ್ತೇನಿ. ನನ್ನ ಹೇಣ್ತಿ ಅಕ್ಕ ಅಲ್ಲಿ ಒಂದು ದೊಡ್ಡ ಮನಿ ಹುಡಕ್ಯಾಳ. ಅಲ್ಲೇ ಇದ್ದು, ಕೆಲಸಾ ಮಾಡ್ಕೊಂಡು ಇರ್ತಾಳ."

"ಯಾರ ಮನಿ?"

"ಯಾರದೋ ಸಾಹುಕಾರರ ಮನಿ."

"ಯಾರದೋ ಅಂದ್ರ ಹೆಂಗಪಾ? ವಯಸ್ಸಿಗೆ ಬಂದ ಹುಡುಗಿ."

"ನನ್ನ ಮಗಳು ಅತ್ತೀ. ನಿಮ್ಮನ್ನ ಕೇಳಾಕ ಬಂದಿಲ್ಲ, ಹೇಳಾಕ ಬಂದೇನಿ."

ಜೀಪು ಕುಳಗಿಯ ದಾರಿ ಹಿಡಿದು ಹೋಯಿತು. ಯಲ್ಲವ್ವ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದಳು. ಒಳಗೆ ಶೈಲಶ್ರೀ ಎಲ್ಲಾ ಕೇಳಿಸಿಕೊಂಡಿದ್ದಳು. ಆವತ್ತಿನಿಂದ ಹುಡುಗಿಯ ಊಟ ಕೆಟ್ಟಿತು.

ಆ ವರ್ಷ ಹಳಿಯಾಳದ ಪಂದ್ಯಾವಳಿಯ ಅಡುಗೆಯನ್ನು ಯಲ್ಲವ್ವನಿಗೇ ವಹಿಸಿದರು. ಹುಡುಗಿಯರನ್ನು ಒಂದು ಮದುವೆ ಕಾರ್ಯಾಲಯದಲ್ಲಿ ಇಳಿಸಿದ್ದರು, ಹಿಂದೆಯೇ ಅಡುಗೆಯ ಜಾಗ. ಗೂಳಪ್ಪ ಕಟ್ಟಿಗೆ ಸೀಳಲು ಜೊತೆಗೆ ಹೋದ.

ಮೊದಲನೇ ದಿವಸವೇ ಕಪ್ಪನೆಯ ಸಣಕಲು ಹೆಂಗಸೊಬ್ಬಳು ಒಲೆಯ ಹತ್ತಿರ ಬಂದು ಕುಂತು ಸೆರಗು ಕಟ್ಟಿದಳು.

"ನಾ ಫೂಲಿಬಾಯಿರಿ. ಮುಂಡಗೋಡ ಕಡೆ ನಾಕು ಗುಡಿಸಲಿನ ವಾಡೆ ನಮ್ಮದು. ಮಗಳು ಸುಮನ ಕುಸ್ತಿಗೆ ಬಂದಾಳ. ಒಂದೀಟು ಹಿಟ್ಟು ಕೊಡ್ರಿ ಅಕ್ಕಾರ, ಬಡೀತೇನಿ."

"ನೀವ್ಯಾಕ ಮಾಡ್ತೀರಿ? ಕುಸ್ತಿ ನೋಡ್ಹೋಗ್ರಿ."

"ಅಕಿ ಬೀಳೂದು ನೋಡಾಕ ನನ್ನ ಎದಿ ತಡ್ಯೂದಿಲ್ಲರಿ. ಏಳೂದೂ ನೋಡಾಕ ತಡ್ಯೂದಿಲ್ಲ. ಇಲ್ಲೇ ಬೇಷೈತಿ."

ಫೂಲಿಬಾಯಿಯ ರೊಟ್ಟಿ ದಪ್ಪ ಬರುತ್ತಿತ್ತು. ಗೂಳಪ್ಪ ಅದನ್ನು ಎತ್ತಿ ನೋಡಿ, "ಇದನ್ನ ತಿಂದು ಪೈಲವಾನ ಆಗೂದು ಬ್ಯಾಡ, ಇದರ್ಲೇ ತಲಿಗಿ ಹೊಡದ್ರ ಸಾಕು" ಅಂದ. ಫೂಲಿಬಾಯಿ ನಕ್ಕು ಅವನ ತಾಟಿಗೆ ಅದನ್ನೇ ಹಾಕಿದಳು. ಬಡಿಯುತ್ತ ಬಡಿಯುತ್ತ ಇಬ್ಬರು ಹೆಂಗಸರೂ ಮಾತಾಡಿಕೊಂಡರು. ಗಂಡ ಭೋಜಪ್ಪ ಕೂಲಿಗೆ ಹೋಗುತ್ತಾನೆ, ಸುಮನ ಗದ್ದೆಯ ಬದುವಿನಲ್ಲಿ ಅಣ್ಣಂದಿರ ಜೊತೆ ಸೆಣಸಿ ಸೆಣಸಿ ಕುಸ್ತಿ ಕಲಿತವಳು, ಯಾರೋ ಮಾಸ್ತರರು ನೋಡಿ ಕರೆತಂದರು, ಇಷ್ಟೇ ಆ ಮನೆಯ ಕಥೆ. ಯಲ್ಲವ್ವ ಗೋವಾದ ಮಾತು ಹೇಳಿದಳು. ಫೂಲಿಬಾಯಿ ಕೈ ನಿಲ್ಲಿಸಿ, "ಹಂಗ ಕಳಸಬ್ಯಾಡ್ರಿ ಅಕ್ಕಾರ, ನಮ್ಮ ವಾಡೇದಾಗ ಒಬ್ಬಾಕಿ ಹಂಗ ಹೋದಾಕಿ ತಿರುಗಿ ಬರಲಿಲ್ಲ" ಅಂದಳು.

ಯಲ್ಲವ್ವನ ಹಂಚಿನ ಮೇಲೆ ಒಂದು ರೊಟ್ಟಿ ಸೀದುಹೋಯಿತು.

ಸುಮನ ಶೈಲಶ್ರೀಗಿಂತ ವಯಸ್ಸಿನಲ್ಲಿ ಸಣ್ಣವಳು, ತೂಕ ಮಾತ್ರ ಇಬ್ಬರದೂ ಒಂದೇ. ಮೈ ಸಣ್ಣ, ಕೈ ಉದ್ದ. ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕ ನೋಡುತ್ತಿರಲಿಲ್ಲ. ರೊಟ್ಟಿಯನ್ನು ಎರಡೇ ಮಡಿಕೆ ಮಾಡಿ, ಕಡ್ಲಿಹಿಟ್ಟಿನ ಜುಣಕದಲ್ಲಿ ಒತ್ತಿ, ಬಾಯಿ ತುಂಬ ತಿನ್ನುತ್ತಿದ್ದಳು. "ಆಯೀ, ಇನ್ನೂ ಐತೇನ್ರಿ?" ಅಂತ ತಾಟು ಎತ್ತಿ ಹಿಡಿಯುತ್ತಿದ್ದಳು. ತನ್ನದು ಮುಗಿದರೆ ಪಕ್ಕದ ಶೈಲಶ್ರೀಯ ತಾಟಿಗೇ ಕೈ ಹಾಕುತ್ತಿದ್ದಳು. ಶೈಲಶ್ರೀ ತಾಟನ್ನೇ ಆಕೆಯ ಕಡೆ ಸರಿಸಿಬಿಡುತ್ತಿದ್ದಳು. ಇಬ್ಬರಿಗೂ ಸ್ನೇಹವೇ ಆಗಿತ್ತು, ಜೋಡಿಯಾಗಿ ಕೂತು ಒಬ್ಬರ ಜಡೆ ಒಬ್ಬರು ಬಿಗಿಯಾಗಿ ಹೆಣೆಯುತ್ತಿದ್ದರು.

ಸುತ್ತು ಸುತ್ತಿಗೂ ಪಂಕ್ತಿ ಕರಗಿತು. ಸೋತ ಹುಡುಗಿಯರು ಕಣ್ಣೊರೆಸಿಕೊಂಡು ಬಸ್ಸಿಗೆ ಹೋದರು. ಆ ತೂಕದಲ್ಲಿ ಕಡೆಗೆ ಉಳಿದವರು ಇವರಿಬ್ಬರೇ.

ಯಲ್ಲವ್ವಗೆ ಅದು ಮೊದಲೇ ತಿಳಿದಿತ್ತು, ಬೇರೆ ಹುಡುಗಿಯರ ತಾಟಿನಲ್ಲಿ ಶೈಲಶ್ರೀಯ ತಾಟಿಗಿಂತಲೂ ಹೆಚ್ಚು ರೊಟ್ಟಿ ಉಳಿಯುತ್ತಿತ್ತು. ಯಾರು ಗೆಲ್ಲುತ್ತಾರೆ ಅನ್ನೋದೂ ತಿಳಿದಿತ್ತು. ಇಷ್ಟು ವರ್ಷ ಬಡಿಸಿದವಳಿಗೆ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಕಾಣದೆ ಇರಲಿ ಅಂತ ಬೇರೆ ಕಡೆ ನೋಡಿದಳು. ಕಣ್ಣು ತಾನಾಗಿಯೇ ಆ ಎರಡು ತಾಟಿಗೆ ಹೋಗುತ್ತಿತ್ತು. ಒಂದು ತಾಟು ಒರೆಸಿದಂತೆ ಖಾಲಿ, ಒಂದರಲ್ಲಿ ಪಲ್ಯದ ಕೆಳಗೆ ಮುಚ್ಚಿಟ್ಟ ರೊಟ್ಟಿಯ ತುಣುಕುಗಳು.

ಫೈನಲ್ಲಿನ ಹಿಂದಿನ ದಿವಸ ಹೊತ್ತು ಮುಳುಗುವಾಗ ಶೈಲಶ್ರೀ ನೀರಿನ ಟಾಕಿಯ ಹತ್ತಿರ ಬಂದಳು. ಯಲ್ಲವ್ವ ಪಾತ್ರೆ ಬೆಳಗುತ್ತಿದ್ದಳು.

"ಆಯೀ, ನಾಳಿ ಮೊದಲನೇ ರೊಟ್ಟಿ ಯಾರಿಗೆ?"

"ಅದನ್ನ ಹಂಗ ಕೇಳಬಾರದು."

"ಎಲ್ಲಾರೂ ಕೇಳ್ತಾರ. ನಾ ಕೇಳಿದ್ರ ಏನಾತು?"

"ಹಂಚಿನ ಮ್ಯಾಲಿಂದ ಇಳಿದಾಗ ನೋಡು."

ಹುಡುಗಿ ಟಾಕಿಯ ಕಟ್ಟೆಗೆ ಹಣೆ ಹಚ್ಚಿ ನಿಂತಳು. "ನನಗ ಬರಲಿಲ್ಲಂದ್ರ ನಾ ಕಣಕ್ಕ ಇಳಿಯೂದಿಲ್ಲ ಆಯಿ. ಯಾಕ ಇಳೀಲಿ? ನಿನ್ನ ಕೈ ತಪ್ಪೂದಿಲ್ಲಲ್ಲ. ಹಂಗ ನೆಟ್ಟಗ ಅಪ್ಪನ ಜೀಪಿನಾಗ ಕುಂದ್ರತೇನಿ."

"ಬಾಯಿ ಮುಚ್ಚು."

"ಖರೇ ಹೇಳಾಕ್ಹತ್ತೇನಿ."

ಯಲ್ಲವ್ವ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಹುಡುಗಿ ಒಳಗೆ ಹೋದಳು.

ಆಮೇಲೆ ಯಲ್ಲವ್ವನ ತಲೆಯಲ್ಲಿ ಒಂದೇ ಲೆಕ್ಕ. ಸುಮನಗೆ ಇನ್ನೂ ವಯಸ್ಸು ಐತಿ. ಈ ಸಲ ತಪ್ಪಿದರೆ ಬರುವ ವರ್ಷ ಬಂದು ಗೆಲ್ಲುತ್ತಾಳೆ, ಯಾರು ತಡೆಯುತ್ತಾರೆ? ಶೈಲಾಗೆ ಬರುವ ವರ್ಷ ಇಲ್ಲ. ಮತ್ತೆ ನಾನೇನು ಸುಮನಳ ಕಾಲು ಹಿಡಿದು ಎಳೆಯುತ್ತೇನೇನು? ಒಂದು ರೊಟ್ಟಿ. ಹಿಟ್ಟು, ನೀರು, ಬೆಂಕಿ. ಶೈಲಾಗೆ ಒಂದೀಟು ಧೈರ್ಯ ಬಂದರೆ ಸಾಕು, ಮುಂದಿನದು ಅವರವರ ಕೈಯಲ್ಲಿ. ಹೀಗೆ ಅಂದುಕೊಂಡಳು. ಧೈರ್ಯ ಕೊಡುವ ರೊಟ್ಟಿ ಪಕ್ಕದ ತಾಟಿನಿಂದ ಧೈರ್ಯ ತೆಗೆಯುತ್ತದೆ ಅನ್ನೋದು ಆಕೆಗೆ ಹೊಳೆಯಲಿಲ್ಲ ಅಂದರೆ ಸುಳ್ಳು. ಹೊಳೆಯಿತು. ಹೊಳೆದದ್ದನ್ನು ಬೂದಿಯ ಕೆಳಗಿನ ಕೆಂಡದಂತೆ ಮುಚ್ಚಿದಳು.

ಬೆಳಿಗ್ಗೆ ಒಲೆ ಹೊತ್ತಿಸಿದಾಗ ಫೂಲಿಬಾಯಿ ಆಗಲೇ ಹಿಟ್ಟು ನಾದಿ ಇಟ್ಟಿದ್ದಳು.

"ಇವತ್ತ ಮೊದಲನೇದು ನೀವೇ ಬಡೀರಿ ಅಕ್ಕಾರ. ನಾ ಮುಟ್ಟೂದಿಲ್ಲ." ಹಿಟ್ಟಿನ ಪರಾತ ಮುಂದೆ ಸರಿಸಿ, "ಯಾರಿಗೆ ಅಂತ ಕೇಳೂದಿಲ್ಲ. ಯಾರಿಗೆ ಬಂದ್ರೂ ನಮ್ಮ ಹುಡುಗೀನೇ" ಅಂದಳು.

ಯಲ್ಲವ್ವ ಸೆರಗು ಸಿಕ್ಕಿಸಿ ಕುಂತಳು. ಹಿಟ್ಟಿನ ಉಂಡೆ ತಟ್ಟಿದಳು. ರೊಟ್ಟಿ ಆವತ್ತು ಎಂದಿಗಿಂತ ತೆಳ್ಳಗೆ, ದುಂಡಗೆ ಬಂತು. ಹಂಚಿನ ಮೇಲೆ ಉಬ್ಬಿತು, ಎಲ್ಲೂ ಹರಿಯಲಿಲ್ಲ. ಒಳಗೆ ಎರಡು ತಾಟು, ಎರಡು ಹುಡುಗಿಯರು. ಬಾಗಿಲಲ್ಲಿ ವಸ್ತಾದ ಅಡಿವೆಯ್ಯ, ಮುಂಡಗೋಡದ ಮಾಸ್ತರರು, ಒಂದಷ್ಟು ಜನ, ಏನೋ ಬೇರೆ ಕೆಲಸಕ್ಕೆ ಬಂದವರಂತೆ ನಿಂತಿದ್ದರು. ಸುಮನ ಬಾಯಿ ಸ್ವಲ್ಪ ತೆರೆದು ರೊಟ್ಟಿಯನ್ನೇ ನೋಡುತ್ತಿದ್ದಳು, ಹಸಿದ ಕೂಸಿನಂತೆ. ಶೈಲಶ್ರೀ ನೆಲ ನೋಡುತ್ತಿದ್ದಳು.

ಯಲ್ಲವ್ವ ರೊಟ್ಟಿ ತಂದಳು. ಕೈ ಒಂದು ಗಳಿಗೆ ಎರಡು ತಾಟುಗಳ ನಡುವೆ ನಿಂತಿತು. ಆಮೇಲೆ ಶೈಲಶ್ರೀಯ ತಾಟಿಗೆ ಹಾಕಿದಳು.

ಬಾಗಿಲಲ್ಲಿದ್ದವರು ಚದುರಿದರು. ಶೈಲಶ್ರೀ ತಲೆ ಎತ್ತಿ ಆಯಿಯ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಯಲ್ಲವ್ವ ಎರಡನೇ ರೊಟ್ಟಿ ತಂದು ಸುಮನಳ ತಾಟಿಗೆ ಹಾಕಿದಾಗ ಆ ಹುಡುಗಿ, "ಸಾಕ್ರಿ ಆಯಿ" ಅಂದಳು.

"ಇನ್ನೂ ಒಂದೂ ತಿಂದಿಲ್ಲಲ್ಲವ್ವ."

"ನೀರು ಕೊಡ್ರಿ."

ಯಲ್ಲವ್ವ ನೀರು ಕೊಟ್ಟಳು. ಸುಮನ ರೊಟ್ಟಿಯನ್ನು ಸಣ್ಣ ಸಣ್ಣ ತುಣುಕು ಮಾಡಿದಳು.

ಯಲ್ಲವ್ವ ಅದನ್ನು ನೋಡಿದಳು. ಇಷ್ಟು ವರ್ಷ ಇದ್ದದ್ದನ್ನು ಕಂಡು ಹೇಳಿದ್ದಳು. ಈಗ ಇಲ್ಲದ್ದನ್ನು ಹೇಳಿದಳು, ಅದು ಕಣ್ಣ ಮುಂದೆ ಆಗತೊಡಗಿತು. ಓಡಿ ಹೋಗಿ ತಾಟು ಅದಲುಬದಲು ಮಾಡಲೇನು ಅನ್ನಿಸಿತು. ಮಾಡದೆ ಒಲೆಯ ಕಡೆ ತಿರುಗಿದಳು. ಒಲೆಯ ಹತ್ತಿರ ಗೂಳಪ್ಪ ಕಟ್ಟಿಗೆ ಹಿಡಿದು ನಿಂತಿದ್ದ. ಅವನೂ ಆ ಎರಡು ಹುಡುಗಿಯರು ಉಣ್ಣೋದನ್ನು ನೋಡಿದವನೇ. ಹೆಂಡತಿಯ ಮುಖ ನೋಡಿ, ಕಟ್ಟಿಗೆ ಒಲೆಗೆ ತಳ್ಳಿ, ಹೊರಗೆ ಹೋದ. ಆ ಮನುಷ್ಯ ಏನೂ ಮಾತಾಡದೆ ಹೋಗಿದ್ದನ್ನು ಆಕೆ ನೋಡಿದ್ದು ಅದೇ ಮೊದಲು.

ಎಂದೂ ಕಣಕ್ಕೆ ಹೋಗದ ಯಲ್ಲವ್ವ ಆವತ್ತು ಹೋದಳು. ಜನರ ಹಿಂದೆ ನಿಂತು, ಹೆಗಲುಗಳ ಸಂದಿಯಲ್ಲಿ ನೋಡಿದಳು. ಕುಸ್ತಿ ಶುರುವಾದಾಗ ಸುಮನ ಚೆನ್ನಾಗಿಯೇ ಹಿಡಿದಳು. ಉದ್ದ ಕೈ ಶೈಲಶ್ರೀಯ ನಡು ಸುತ್ತಿತ್ತು. ಶೈಲಶ್ರೀಯ ಹಿಮ್ಮಡಿ ಎದ್ದಿತು. ಇನ್ನೊಂದು ಜಗ್ಗು ಸಾಕಿತ್ತು, ಕುಸ್ತಿ ಗೊತ್ತಿಲ್ಲದ ಯಲ್ಲವ್ವಗೂ ಅದು ತಿಳಿಯಿತು. ಆಕೆ ಮನಸ್ಸಿನಲ್ಲಿ ಏನು ಬೇಡಿಕೊಂಡಳೋ ಆಕೆಗೇ ಗೊತ್ತಿಲ್ಲ, ಬೀಳಲಿ ಅಂತಲೋ ಬೀಳದಿರಲಿ ಅಂತಲೋ. ಅಷ್ಟರಲ್ಲಿ ಸುಮನಳ ಕೈ ಸಡಿಲಾಯಿತು. ಆಗದ ಕೆಲಸಕ್ಕೆ ಯಾಕೆ ಮೈ ದಣಿಸಬೇಕು ಅಂತ ಬಿಟ್ಟವರಂತೆ ಬಿಟ್ಟಳು. ಶೈಲಶ್ರೀ ಮೇಲೆ ಬಂದಳು. ಸುಮನಳ ಬೆನ್ನು ನೆಲಕ್ಕೆ ತಾಗಿತು.

ಪಂಚರು ಶೈಲಶ್ರೀಯ ಕೈ ಎತ್ತಿದರು. ಹುಡುಗಿಯ ಮುಖದಲ್ಲಿ ನಗು ಇರಲಿಲ್ಲ.

ಯಲ್ಲವ್ವ ಅಡಿವೆಯ್ಯನ ಅಂಗಿ ಹಿಡಿದಳು. "ವಸ್ತಾದರ, ಮತ್ತೊಮ್ಮೆ ಹಿಡಸಾಕ ಬರೂದಿಲ್ಲೇನ್ರಿ?"

"ಯಾಕ್ರಿ ಅಕ್ಕಾ? ನಿಮ್ಮ ಮೊಮ್ಮಗಳೇ ಗೆದ್ದಾಳಲ್ಲ."

"ಆ ಹುಡುಗಿ ಕೈ ಬಿಟ್ಲು."

"ಬಿಟ್ಲು. ನಾನೂ ನೋಡಿದ್ನಿ. ಆದ್ರ ನಾಕೌಟ್ ಇದು. ಒಮ್ಮೆ ಕೈ ಎತ್ತಿದ್ರ ಮುಗೀತು." ಅಡಿವೆಯ್ಯ ನಕ್ಕ. "ನಿಮ್ಮ ರೊಟ್ಟಿ ಈ ಸಲಾನೂ ತಪ್ಪಲಿಲ್ಲ ಬಿಡ್ರಿ."

ಮುಗೀತು ಅಂತ ಅವನು ಅಂದಾಗ ಯಲ್ಲವ್ವಗೆ ಒಳಗೆ ಸಮಾಧಾನವಾಯಿತು. ಆ ಸಮಾಧಾನ ತಿಳಿದಾಗ ತನ್ನ ಮೇಲೆ ತನಗೇ ಹೇಸಿಗೆ ಬಂತು.

ಅಡುಗೆಯ ಜಾಗಕ್ಕೆ ತಿರುಗಿ ಬಂದರೆ ಫೂಲಿಬಾಯಿ ಇರಲಿಲ್ಲ. ಪರಾತ ತೊಳೆದು ಬೋರಲು ಹಾಕಿದ್ದಳು, ಒಲೆಯ ಸುತ್ತ ಕಸ ಗುಡಿಸಿದ್ದಳು. ಯಲ್ಲವ್ವ ಕಾಲಿಗೆ ಚಪ್ಪಲಿ ಮೆಟ್ಟದೆ ಹಳಿಯಾಳದ ಬಸ್ ಸ್ಟ್ಯಾಂಡಿಗೆ ಓಡಿದಳು. ಡಾಂಬರು ಸುಡುತ್ತಿತ್ತು. ಮುಂಡಗೋಡದ ಬಸ್ಸು ನಿಂತಿತ್ತು. ಕಿಟಕಿಗೆ ತಲೆ ಆನಿಸಿ ಸುಮನ ಕಣ್ಣು ಮುಚ್ಚಿದ್ದಳು, ಶೈಲಶ್ರೀ ಹೆಣೆದ ಜಡೆ ಇನ್ನೂ ಹಾಗೇ ಬಿಗಿಯಾಗಿತ್ತು. ಯಲ್ಲವ್ವನನ್ನು ನೋಡಿ ಫೂಲಿಬಾಯಿ ಕೆಳಗಿಳಿದಳು.

"ಹೇಳಿ ಹೋಗಬೇಕಂತಿದ್ನಿ ಅಕ್ಕಾರ. ಬಸ್ಸು ಬಿಡ್ತೈತಿ ಅಂದ್ರು."

ಯಲ್ಲವ್ವ ಏದುಸಿರು ಬಿಡುತ್ತ ಆಕೆಯ ಕೈ ಹಿಡಿದಳು. "ಆ ರೊಟ್ಟಿ ನಿಮ್ಮ ಮಗಳದಾಗಿತ್ತು ಫೂಲಿಬಾಯಿ. ನನಗ ಗೊತ್ತಿತ್ತು. ಮೊದಲನೇ ದಿವಸಲಿಂದ ಗೊತ್ತಿತ್ತು. ನಾ ಬೇಕಂತ ನಮ್ಮ ಹುಡುಗಿ ತಾಟಿಗೆ ಹಾಕಿದ್ನಿ."

ಫೂಲಿಬಾಯಿ ಒಂದು ಸಲ ಕಿಟಕಿಯ ಕಡೆ ನೋಡಿದಳು. ಮಗಳು ಕಣ್ಣು ತೆರೆದಿರಲಿಲ್ಲ. ಯಲ್ಲವ್ವನನ್ನು ಬಸ್ಸಿನಿಂದ ಸ್ವಲ್ಪ ದೂರ ಎಳೆದುಕೊಂಡು ಹೋದಳು.

"ಈಗ್ಯಾಕ ಹೇಳಾಕ ಬಂದ್ರಿ?"

ಫೂಲಿಬಾಯಿ ಬಸ್ಸಿನ ಕಡೆ ಬೆನ್ನು ಮಾಡಿ ನಿಂತಳು.

"ಸೋತ್ನಿ ಅಂತ ಅತ್ತಾಳ, ಅತ್ತು ಮಲಗ್ಯಾಳ. ಎದ್ದ ಮ್ಯಾಲ ಮರೀತಾಳ. ಗೆಲ್ಲಾಕಿ ಇದ್ನಿ ಅಂತ ಗೊತ್ತಾದ್ರ ಹೆಂಗ ಮರೀಬೇಕ್ರಿ ಅಕಿ? ಇದನ್ನ ಅಕಿಗೆ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ. ನನಗ ಹೇಳಿದ್ರಿ, ನಾ ಹೊತ್ಕೊಂಡು ಹೋಗ್ತೇನಿ."

"ಬರೂ ವರ್ಷ ಬರ್ರಿ. ನಾ ಮುಂದ ನಿಂತು..."

"ಬರೂ ವರ್ಷ ಎಲ್ಲೀದ್ರಿ?" ಫೂಲಿಬಾಯಿಯ ದನಿ ಎತ್ತರವಾಗಲಿಲ್ಲ. "ಅಕಿ ಅಪ್ಪ ಈ ಸಲ ಒಮ್ಮೆ ನೋಡೂಣು ಅಂದಿದ್ದ. ಇನ್ನ ನಮ್ಮ ಜೋಡಿ ಕಬ್ಬ ಕಡ್ಯಾಕ ಬರ್ತಾಳ. ಚೊಲೋ ಕೈ ಐತಿ, ಕಡೀತಾಳ."

ಯಲ್ಲವ್ವ ಅಲ್ಲೇ ಕಟ್ಟೆಯ ಮೇಲೆ ಕುಂತಳು. ಫೂಲಿಬಾಯಿ ಆಕೆಯನ್ನು ಬೈಯಲಿಲ್ಲ. ಬೈದಿದ್ದರೆ ಯಲ್ಲವ್ವ ಹೇಗೋ ತಡೆದುಕೊಳ್ಳುತ್ತಿದ್ದಳು.

"ನಾ ಆಗಿದ್ರೂ ನನ್ನ ಮಗಳಿಗೇ ಹಾಕ್ತಿದ್ನಿ ಅಕ್ಕಾರ. ಆದ್ರ ನಾ ಹಾಕಿದ್ರ ಯಾರೂ ನಂಬತಿರಲಿಲ್ಲ."

ಕಂಡಕ್ಟರ್ ಸೀಟಿ ಊದಿದ. ಫೂಲಿಬಾಯಿ ಹೋಗಿ ಮಗಳ ಪಕ್ಕ ಕುಂತಳು. ಬಸ್ಸು ತಿರುವು ದಾಟಿದ ಮೇಲೂ ಯಲ್ಲವ್ವ ಎದ್ದೇಳಲಿಲ್ಲ. ಗೂಳಪ್ಪ ಹುಡುಕಿಕೊಂಡು ಬಂದು ಆಕೆಯ ಚಪ್ಪಲಿಗಳನ್ನು ಕಾಲ ಹತ್ತಿರ ಇಟ್ಟು, "ನಡಿ, ದಾಂಡೇಲಿ ಗಾಡಿ ಬಂದೈತಿ" ಅಂದ.

ಮನೆಗೆ ಬಂದಾಗ ಓಣಿಯ ಜನ ಹೂವಿನ ಹಾರ ತಂದಿದ್ದರು. ಶೈಲಶ್ರೀ ಹಾರ ಹಾಕಿಸಿಕೊಂಡಳು, ಎಲ್ಲರ ಕಾಲಿಗೂ ಬಿದ್ದಳು. ಜನ ಹೋದ ಮೇಲೆ ಟ್ರಂಕಿನಲ್ಲಿ ಬಟ್ಟೆ ಮಡಿಸಿಡುತ್ತ, ತಿರುಗಿ ನೋಡದೆ ಕೇಳಿದಳು.

"ಆಯೀ, ಆ ರೊಟ್ಟಿ ನಂದ ಆಗಿತ್ತೇನು?"

ಫೂಲಿಬಾಯಿಯ ಮಾತು ಯಲ್ಲವ್ವನ ಕಿವಿಯಲ್ಲಿ ಇನ್ನೂ ಇತ್ತು. ಖರೇ ಹೇಳಿದರೆ ಈ ಹುಡುಗಿ ವಸತಿನಿಲಯಕ್ಕೆ ಹೋಗುವುದಿಲ್ಲ. ಹೋಗದಿದ್ದರೆ ಜೀಪು ಬಾಗಿಲಿಗೆ ಬರುತ್ತದೆ. ಸುಮನಗೂ ಆ ಜಾಗ ಸಿಗುವುದಿಲ್ಲ, ಕೈ ಎತ್ತಿ ಆಗಿದೆ. ಎಲ್ಲಾ ಕಡೆಯಿಂದ ಬಾಗಿಲು ಹಾಕಿದ ಮನೆಯಲ್ಲಿ ನಿಂತಂತೆ ಆಕೆ ನಿಂತಳು.

"ನಿಂದ" ಅಂದಳು.

"ಹಂಗಾರ ಆಕಿ ಯಾಕ ಬಿಟ್ಲು? ನಾ ಕೆಡವಲಿಲ್ಲ ಆಯಿ. ಆಕಿ ಕೈಯಾಗ ಸಿಕ್ಕಿದ್ನಿ ನಾನು. ಗಂಟು ಬಿಚ್ಚಿದಂಗ ಬಿಟ್ಲು."

"ನಿನ್ನ ಕೈಯಾಗ ಬಲ ಇತ್ತು, ಅದಕ್ಕ."

ಶೈಲಶ್ರೀ ಟ್ರಂಕಿನ ಮುಚ್ಚಳ ಹಾಕಿದಳು.

ಮರುದಿವಸ ಹೊರಡುವ ಮುಂಚೆ ಯಲ್ಲವ್ವ ಸಿಹಿ ಸಜ್ಜಕ ಮಾಡಿದಳು, ತುಪ್ಪ ಹಾಕಿದಳು. ಹುಡುಗಿ ತಾಟು ತೆಗೆದುಕೊಂಡು, ಎಂದೂ ಕೂರುವ ಜಾಗ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕುಂತಳು. ಎಷ್ಟು ಉಂಡಳು, ಹೇಗೆ ಉಂಡಳು, ನೀರು ಕುಡಿದಳೋ ಇಲ್ಲವೋ ಯಲ್ಲವ್ವಗೆ ಕಾಣಲಿಲ್ಲ. ಅಗಲವಾದ ಬೆನ್ನು ಮಾತ್ರ ಕಂಡಿತು. ಉಂಡು, ತಾಟು ತಾನೇ ತೊಳೆದಿಟ್ಟು ಹೋದಳು.

ಯಲ್ಲವ್ವನ ಚಪ್ಪರಕ್ಕೆ ಈಗಲೂ ಪೈಲವಾನರು ಬರುತ್ತಾರೆ. ಹಿಂದಿನ ದಿವಸವೇ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿಡುತ್ತಾಳೆ. ಯಾವುದು ಮೊದಲು ಬೆಂದದ್ದು ಅಂತ ಯಾರಿಗೂ ತಿಳಿಯದು. ಬುಟ್ಟಿ ಪಂಕ್ತಿಯ ನಡುವೆ ಇಟ್ಟು, "ತಗೊಂಡು ಉಣ್ರಪಾ" ಅಂತಾಳೆ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಅಂತ ಗೂಳಪ್ಪ ಗೇಟಿನಲ್ಲಿ ಹೇಳಿದ್ದಾನೆ. ಜನ ನಂಬಿದ್ದಾರೆ.

ಕಬ್ಬಿನ ಹಂಗಾಮು ಬಂತೆಂದರೆ ಲಾರಿಯ ಮೇಲೆ ಕುಂತು ಹೋಗುವ ಕೂಲಿ ಹೆಣ್ಣುಮಕ್ಕಳನ್ನು ನೋಡುತ್ತ ಯಲ್ಲವ್ವ ಬಾಗಿಲಲ್ಲಿ ನಿಲ್ಲುತ್ತಾಳೆ. ಸುಮನ ಕಂಡಿಲ್ಲ. ಕಂಡರೆ ಏನು ಮಾಡಬೇಕು ಅನ್ನೋದೂ ಆಕೆಗೆ ಗೊತ್ತಿಲ್ಲ.

ಶೈಲಶ್ರೀ ವಸತಿನಿಲಯದಲ್ಲೇ ಇದ್ದಾಳೆ. ಒಂದೆರಡು ಕಡೆ ಗೆದ್ದಿದ್ದಾಳೆ, ಸೋತದ್ದೇ ಹೆಚ್ಚು. ರಜೆಯಲ್ಲಿ ಬಂದಾಗ ಆಯಿಯ ಕಾಲು ಒತ್ತುತ್ತಾಳೆ, ನೀರು ತರುತ್ತಾಳೆ, ಅಜ್ಜನ ಜೊತೆ ನಗುತ್ತಾಳೆ. ಊಟಕ್ಕೆ ಮಾತ್ರ ತಾಟು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಯಲ್ಲವ್ವ ಬಡಿಸುವ ಸೌಟು ಹಿಡಿದು ಹಿಂದೆ ನಿಲ್ಲುತ್ತಾಳೆ, "ಇನ್ನೊಂದೀಟು ಹಾಕಲೇನು?" ಅಂತ ಕೇಳುತ್ತಾಳೆ, ಹುಡುಗಿ ತಿರುಗದೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾಳೆ.